ತವರಿಗೆ ಹೋಗೋ ದಾರಿಯಲ್ಲಿ ಸೂರ್ಯನೋ, ಚಂದ್ರನೋ? ‘ನಂಜುಂಡಿ ಕಲ್ಯಾಣ’ದ ಹಿಂದಿರೋ ನಾಟಕದ ಲೆಕ್ಕ

(ಈ ವಾರದ ಎಪಿಸೋಡಿನ ಬರಹ ರೂಪ. ಇಯರ್‌ಫೋನ್ ಮರೆತು ಬಸ್ ಹತ್ತಿದವರು ಇಲ್ಲೇ ಓದಿಕೊಳ್ಳಿ.)

ಬಿಳಿಕೆರೆಯಿಂದ ಮಾತಾಡ್ತಿದ್ದೀನಿ. ಮಧ್ಯೆ ಮಧ್ಯೆ ಮೈಸೂರು–ಹುಣಸೂರು ರಸ್ತೆಯ ಹಾರನ್ ಕೇಳಿಸಿದರೆ ಸ್ವಲ್ಪ ಹೊಂದಿಕೊಳ್ಳಿ. ನನ್ನ ಸ್ಟುಡಿಯೋ ಅಂದ್ರೆ ಬಾಗಿಲು ಹಾಕಿದ ಒಂದು ರೂಮು, ಕಿಟಕಿಗೆ ನೇತುಹಾಕಿದ ಒಂದು ಕಂಬಳಿ, ಅಷ್ಟೇ.

ಈ ವಾರದ ವಿಷಯ ಹುಟ್ಟಿದ್ದು ಒಂದು ಮಾತಿನಿಂದ. ಹೋದ ತಿಂಗಳು ನಮ್ಮನೆಗೆ ಒಬ್ಬರು ಸಂಬಂಧ ತಗೊಂಡು ಬಂದಿದ್ರು. ನನಗೇ. ಕಾಫಿ ಕುಡಿದ್ರು, ನನ್ನ ವಯಸ್ಸು ಕೇಳಿದ್ರು, ಬಿ.ಕಾಂ. ಮುಗಿಸಿ ಏನು ಮಾಡ್ತಿದ್ದೀಯ ಅಂದ್ರು. ‘ಪಾಡ್‌ಕ್ಯಾಸ್ಟ್’ ಅಂದೆ. ‘ಅಂದ್ರೆ?’ ಅಂದ್ರು. ‘ಮಾತಾಡೋದು’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪನ ಕಡೆ ತಿರುಗಿ ಹೇಳಿದ್ರು: “ಹುಡ್ಗಿ ವಸಿ ಬಾಯಿ ಜೋರು. ಇರ್ಲಿ ಬುಡಿ, ಮದ್ವೆ ಆದ್ಮೇಲೆ ಸರಿ ಹೋಯ್ತಾಳೆ.”

ಈ ಮಾತು ನೀವೂ ಕೇಳಿರ್ತೀರಿ. ಹುಡುಗರ ಬಗ್ಗೆಯೂ ಹೇಳ್ತಾರೆ. ಕುಡೀತಾನೆ, ಸುತ್ತುತಾನೆ, ‘ಮದ್ವೆ ಮಾಡ್ಬುಡಿ, ಸರಿ ಹೋಯ್ತಾನೆ’ ಅಂತ. ಆದ್ರೆ ಸರಿ ಮಾಡೋ ವಿಧಾನ ಬೇರೆ ಬೇರೆ. ಹುಡುಗ ಸರಿ ಹೋಗಬೇಕು ಅಂದ್ರೆ ಹೆಂಡತಿ ತಾಳ್ಮೆಯಿಂದ ಕಾಯಬೇಕು. ಹುಡುಗಿ ಸರಿ ಹೋಗಬೇಕು ಅಂದ್ರೆ ಗಂಡ ಅವಳನ್ನ ದಾರಿಗೆ ತರಬೇಕು. ಈ ಎರಡನೇ ಕಥೆ ಸುಮಾರು ನಾನ್ನೂರ ಮೂವತ್ತು ವರ್ಷದಿಂದ ಸ್ಟೇಜ್ ಮೇಲೆ ಜನರನ್ನ ನಗಿಸ್ತಾ ಬಂದಿದೆ. ಅದು ನಮ್ಮೂರಿನ ಟಿವಿವರೆಗೆ ಹೇಗೆ ಬಂತು, ನಗುವಿನ ಕೆಳಗೆ ಏನಿದೆ ಅಂತ ಇವತ್ತು ನೋಡೋಣ.

ನಂಜುಂಡಿಯ ತಾತ ಯಾರು?

‘ನಂಜುಂಡಿ ಕಲ್ಯಾಣ’ ನೋಡದ ಮನೆ ನಮ್ಮ ಕಡೆ ಇಲ್ಲ ಅನ್ನಬಹುದು. 1989ರ ಸಿನಿಮಾ. ಎಂ.ಎಸ್. ರಾಜಶೇಖರ್ ನಿರ್ದೇಶನ, ಚಿ. ಉದಯಶಂಕರ್ ಬರವಣಿಗೆ. ರಾಘವೇಂದ್ರ ರಾಜ್‌ಕುಮಾರ್ ನಂಜುಂಡಿ, ಮಾಲಾಶ್ರೀ ದೇವಿ. ಕಥೆ ಒಂದು ಸಾಲಿನದು: ಶ್ರೀಮಂತರ ಮನೆಯ ಸೊಕ್ಕಿನ ಹುಡುಗಿ, ಅವಳನ್ನ ಮದುವೆಯಾಗಿ ದಾರಿಗೆ ತರೋ ಹುಡುಗ. ಮಂಜುಳಾ ಗುರುರಾಜ್ ಹಾಡಿದ, ನಾಯಕಿ ಕುಡಿದು ಕುಣಿಯೋ ಆ ಹಾಡು ಇವತ್ತಿಗೂ ಆರ್ಕೆಸ್ಟ್ರಾಗಳಲ್ಲಿ ಬರುತ್ತೆ.

ಈ ಸಿನಿಮಾಗೆ ಮೂಲ ಒಂದು ಕನ್ನಡ ನಾಟಕ. ಪರ್ವತವಾಣಿ ಅನ್ನೋ ಕಾವ್ಯನಾಮದಲ್ಲಿ ಹಾಸ್ಯ ನಾಟಕಗಳನ್ನ ಬರೆದವರ ‘ಬಹದ್ದೂರ್ ಗಂಡ’. ಆ ನಾಟಕಕ್ಕೆ ಮೂಲ ಶೇಕ್ಸ್‌ಪಿಯರ್ 1590ರ ಆಸುಪಾಸಿನಲ್ಲಿ ಬರೆದ ‘ದ ಟೇಮಿಂಗ್ ಆಫ್ ದ ಶ್ರೂ’. ಅಂದ್ರೆ ಗಯ್ಯಾಳಿಯನ್ನ ಪಳಗಿಸಿದ ಕಥೆ.

‘ಗಯ್ಯಾಳಿ’ ಅನ್ನೋ ಪದದ ಹತ್ರ ಒಂದು ನಿಮಿಷ ನಿಲ್ಲಿ. ಇದಕ್ಕೆ ಪುಲ್ಲಿಂಗ ಏನು? ಯೋಚಿಸಿ ನೋಡಿ. ಜೋರಾಗಿ ಮಾತಾಡೋ ಗಂಡಸಿಗೆ ‘ಗಟ್ಟಿ ಮನುಷ್ಯ’ ಅಂತೀವಿ, ‘ಖಡಕ್’ ಅಂತೀವಿ. ಗಯ್ಯಾಳಿ, ಬಜಾರಿ, ಗಂಡುಬೀರಿ, ಇವೆಲ್ಲ ಹೆಂಗಸರಿಗೆ ಮಾತ್ರ ಇಟ್ಟ ಪದಗಳು. ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಅಂತ ಹೆಸರಿಟ್ಟು ಆ ಬೈಗುಳವನ್ನೇ ಊರು ಉಳಿಸೋ ಹೆಂಗಸರಿಗೆ ಬಿರುದು ಮಾಡಿದ್ರು. ಆದ್ರೆ ಅದು ಬಹಳ ಆಮೇಲಿನ ಮಾತು.

ಕಾಮರ್ಸ್ ಓದಿದವಳ ಕಣ್ಣಲ್ಲಿ

ಶೇಕ್ಸ್‌ಪಿಯರ್ ಕಥೆ ಹೀಗಿದೆ. ಪಾಡುವಾ ಅನ್ನೋ ಊರಲ್ಲಿ ಬಾಪ್ಟಿಸ್ಟಾ ಅನ್ನೋ ಸಾಹುಕಾರ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕ್ಯಾಥರೀನಾ, ಬಾಯಿ ಜೋರು. ಚಿಕ್ಕವಳು ಬಿಯಾಂಕಾ, ಎಲ್ಲರಿಗೂ ಬೇಕು. ಅಕ್ಕನ ಮದುವೆ ಆಗದೆ ತಂಗಿಯದು ಇಲ್ಲ ಅಂತ ಅಪ್ಪನ ಹಠ. ಇದನ್ನ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಗ ಪೆಟ್ರೂಷಿಯೋ ಅನ್ನೋ ಗಂಡು ಬರ್ತಾನೆ. ಬರ್ತಾನೇ ಹೇಳ್ತಾನೆ, ತನಗೆ ಬೇಕಿರೋದು ದುಡ್ಡಿರೋ ಹೆಂಡತಿ, ಗುಣ ಹೇಗಿದ್ರೂ ನಡೆಯುತ್ತೆ ಅಂತ.

ನಾಟಕ ಓದುವಾಗ ನನ್ನ ಕಣ್ಣು ಹೋಗಿದ್ದು ಲೆಕ್ಕದ ಮೇಲೆ. ಬರೆದುಕೊಂಡೆ.

ಹೆಣ್ಣು ಕೇಳಕ್ಕೆ ಹೋಗೋ ಖರ್ಚು ಪೆಟ್ರೂಷಿಯೋದಲ್ಲ. ತಂಗಿಯ ಹಿಂದೆ ಬಿದ್ದ ಗಂಡುಗಳು ಅದನ್ನ ಹಾಕ್ಕೊಳ್ಳಕ್ಕೆ ಒಪ್ಪಿರ್ತಾರೆ. ಮದುವೆಗೆ ಮಾವ ಕೊಡೋದು 20,000 ಕ್ರೌನ್, ಮಾವ ಸತ್ತ ಮೇಲೆ ಅರ್ಧ ಆಸ್ತಿ. ಕೊನೆಯ ದೃಶ್ಯದಲ್ಲಿ ಮೂವರು ಗಂಡಂದಿರು ಬಾಜಿ ಕಟ್ಟುತ್ತಾರೆ: ಯಾರ ಹೆಂಡತಿ ಕರೆದ ತಕ್ಷಣ ಬರ್ತಾಳೆ ಅಂತ. ಮೊದಲು 20 ಕ್ರೌನ್ ಅಂತಾರೆ. ಪೆಟ್ರೂಷಿಯೋ ‘ಅಷ್ಟು ನನ್ನ ನಾಯಿ ಮೇಲೆ ಕಟ್ಟುತೀನಿ, ಹೆಂಡತಿ ಮೇಲೆ ಅದರ ಇಪ್ಪತ್ತು ಪಟ್ಟು’ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ, ಕೊನೆಗೆ 100ಕ್ಕೆ ನಿಲ್ಲುತ್ತೆ. ಕ್ಯಾಥರೀನಾ ಒಬ್ಬಳೇ ಬರ್ತಾಳೆ. ಮಾವನಿಗೆ ಎಷ್ಟು ಖುಷಿ ಅಂದ್ರೆ, ‘ಇವಳು ಬೇರೆ ಮಗಳೇ ಆಗಿಬಿಟ್ಟಿದ್ದಾಳೆ, ಬೇರೆ ಮಗಳಿಗೆ ಬೇರೆ ವರದಕ್ಷಿಣೆ’ ಅಂತ ಇನ್ನೂ 20,000 ಕ್ರೌನ್ ಕೊಡ್ತಾನೆ.

ಒಟ್ಟು 40,000. ಜೊತೆಗೆ ಬಾಜಿ ದುಡ್ಡು. ಜೊತೆಗೆ ಅರ್ಧ ಆಸ್ತಿಯ ಭರವಸೆ. ಕ್ಯಾಥರೀನಾ ಹೆಸರಿನ ಖಾತೆಗೆ ಬಂದಿದ್ದು ಸೊನ್ನೆ. ಆ ಕಾಲದ ಇಂಗ್ಲೆಂಡ್ ಕಾನೂನೇ ಹಾಗಿತ್ತು. ಹೆಂಡತಿಯ ಕೈಯಲ್ಲಿರೋ ದುಡ್ಡು, ಒಡವೆ, ಸಾಮಾನು ಮದುವೆಯಾದ ಗಳಿಗೆಯಿಂದ ಗಂಡನದು. ಅದು ಸರಿಯಾಗಿ ಬದಲಾಗಿದ್ದು 1870 ಮತ್ತು 1882ರ ಕಾಯ್ದೆಗಳಿಂದ. ಹಾಗಾಗಿ ಪೆಟ್ರೂಷಿಯೋ ಹೆಂಡತಿಯನ್ನ ಮನೆ, ಹೊಲ, ಕಣಜ, ಕುದುರೆ, ಎತ್ತುಗಳ ಪಟ್ಟಿಗೆ ಸೇರಿಸಿ ಮಾತಾಡಿದಾಗ ಅದು ತಮಾಷೆಯೂ ಹೌದು, ಕಾನೂನೂ ಹೌದು.

ಪಳಗಿಸೋದು ಅಂದ್ರೆ ಹೇಗೆ?

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಇಡೀ ನಾಟಕದಲ್ಲಿ ಪೆಟ್ರೂಷಿಯೋ ಹೆಂಡತಿಗೆ ಒಂದು ಏಟೂ ಹೊಡೆಯಲ್ಲ. ಆಳುಗಳಿಗೆ ಹೊಡೀತಾನೆ, ಅವಳಿಗಲ್ಲ. ಅವನು ಮಾಡೋದು ಬೇರೆ. ಮದುವೆ ಊಟಕ್ಕೂ ನಿಲ್ಲದೆ ಅವಳನ್ನ ಕರ್ಕೊಂಡು ಹೊರಡ್ತಾನೆ. ಮನೇಲಿ ಊಟ ಬಂದ್ರೆ ‘ಸೀದು ಹೋಗಿದೆ, ನಿನ್ನ ಆರೋಗ್ಯಕ್ಕೆ ಒಳ್ಳೇದಲ್ಲ’ ಅಂತ ಎಸೀತಾನೆ. ಹಾಸಿಗೆ ಸರಿ ಇಲ್ಲ ಅಂತ ರಾತ್ರಿಯೆಲ್ಲ ಗಲಾಟೆ ಮಾಡಿ ನಿದ್ದೆ ಕೆಡಿಸ್ತಾನೆ. ಟೈಲರ್ ತಂದ ಚೆಂದದ ಗೌನು ‘ನಿನಗೆ ತಕ್ಕದ್ದಲ್ಲ’ ಅಂತ ವಾಪಸ್ ಕಳಿಸ್ತಾನೆ. ಎಲ್ಲಾ ಅವಳ ಒಳ್ಳೇದಕ್ಕೇ, ಎಲ್ಲಾ ಪ್ರೀತಿಯ ಹೆಸರಲ್ಲೇ.

ತನ್ನ ಪ್ಲಾನ್ ಅನ್ನ ಅವನೇ ಪ್ರೇಕ್ಷಕರಿಗೆ ಬಿಡಿಸಿ ಹೇಳ್ತಾನೆ: ಬೇಟೆಯ ಗಿಡುಗನನ್ನ ಹಸಿವಲ್ಲಿ ಇಟ್ಟು, ನಿದ್ದೆಗೆಡಿಸಿ ಪಳಗಿಸೋ ಹಾಗೆ ಅಂತ.

ನಮ್ಮ ಕಡೆಯವರಿಗೆ ಗಿಡುಗ ಪಳಗಿಸೋದು ಗೊತ್ತಿಲ್ಲ, ಆನೆ ಗೊತ್ತು. ಎಚ್.ಡಿ. ಕೋಟೆ ಕಡೆ ಕಾಕನಕೋಟೆ ಖೆಡ್ಡಾ ಕಥೆಗಳನ್ನ ಕೇಳ್ಕೊಂಡೇ ಬೆಳೆದವರು ನಾವು. ದಸರಾ ಆನೆಗಳ ಗಜಪಯಣ ಹೊರಡೋದು ನಮ್ಮ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಕಾಡಾನೆಯನ್ನ ದಪ್ಪ ದಿಮ್ಮಿಗಳ ಕ್ರಾಲ್ ಒಳಗೆ ಹಾಕ್ತಾರೆ. ಆಮೇಲೆ ತಿನ್ನೋದು ಏನೇ ಬಂದ್ರೂ ಒಬ್ಬನೇ ಮಾವುತನ ಕೈಯಿಂದ ಬರುತ್ತೆ. ಕಬ್ಬು, ಬೆಲ್ಲ ಕೊಡೋ ಆ ಕೈಯನ್ನ ಆನೆ ನಿಧಾನಕ್ಕೆ ನಂಬುತ್ತೆ. ಬೇರೆ ಕೈ ಅದಕ್ಕೆ ಇಲ್ಲ ಅನ್ನೋದೇ ಅಲ್ಲಿರೋ ಗುಟ್ಟು. ನಾಟಕದಲ್ಲೂ ಹಾಗೇ. ಕೊನೆಗೊಂದು ದಿನ ಪೆಟ್ರೂಷಿಯೋ ತಾನೇ ಊಟ ತರ್ತಾನೆ, ಆದ್ರೆ ಅವಳು ಥ್ಯಾಂಕ್ಸ್ ಹೇಳೋವರೆಗೂ ತಟ್ಟೆ ಮುಟ್ಟಂಗಿಲ್ಲ. ಹಸಿವು ಮಾಡಿದವನಿಗೇ ಅನ್ನದ ಋಣ ಒಪ್ಪಿಸಬೇಕು.

ಇವತ್ತು ಇದಕ್ಕೆ ನಮ್ಮ ಕಾನೂನಲ್ಲಿ ಹೆಸರಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005. ಹೊಡೆದರೆ ಮಾತ್ರ ದೌರ್ಜನ್ಯ ಅಂತ ಆ ಕಾಯ್ದೆ ಹೇಳಲ್ಲ. ಮಾತಿನಿಂದ, ಮನಸ್ಸಿಗೆ ಕೊಡೋ ಹಿಂಸೆಯಿಂದ, ದುಡ್ಡು ಮತ್ತು ದಿನನಿತ್ಯದ ಅಗತ್ಯಗಳನ್ನ ತಡೆಹಿಡಿಯೋದರಿಂದ ಆಗೋದೂ ಅದರಲ್ಲಿ ಸೇರಿದೆ. ಪೆಟ್ರೂಷಿಯೋ ಇವತ್ತು ಸಿಕ್ಕಿದ್ರೆ 181ಕ್ಕೆ ಒಂದು ಕಾಲ್ ಸಾಕಾಗ್ತಿತ್ತು.

ತವರಿನ ದಾರಿ

ಈಗ ನಾಟಕದ ಮುಖ್ಯ ದೃಶ್ಯಕ್ಕೆ ಬರೋಣ. ಗಂಡ ಹೆಂಡತಿ ಇಬ್ಬರೂ ದಾರಿಯಲ್ಲಿದ್ದಾರೆ. ಎಲ್ಲಿಗೆ ಹೊರಟಿದ್ದಾರೆ? ಅವಳ ತವರಿಗೆ. ನಡು ಹಗಲು. ಗಂಡ ಆಕಾಶ ನೋಡಿ ‘ಆಹಾ, ಚಂದ್ರ ಎಷ್ಟು ಚೆನ್ನಾಗಿದ್ದಾನೆ’ ಅಂತಾನೆ. ಅವಳು ‘ಅದು ಸೂರ್ಯ’ ಅಂತಾಳೆ. ‘ನಾನು ಚಂದ್ರ ಅಂದ್ರೆ ಚಂದ್ರ, ಇಲ್ಲಾಂದ್ರೆ ಕುದುರೆ ವಾಪಸ್ ಮನೆಗೆ’ ಅಂತ ಅವನು. ಇಲ್ಲಿವರೆಗೂ ಬಂದಿದ್ದೀವಿ, ಮುಂದೆ ಹೋಗೋಣ ಅಂತ ಅವಳು ಒಪ್ತಾಳೆ. ಚಂದ್ರ ಅಂತಾಳೆ. ತಕ್ಷಣ ಅವನು ‘ಸುಳ್ಳಿ, ಅದು ಸೂರ್ಯ’ ಅಂತಾನೆ. ಅದಕ್ಕೂ ಹ್ಞೂ ಅಂತಾಳೆ. ಪ್ರೇಕ್ಷಕರು ಬಿದ್ದು ಬಿದ್ದು ನಗ್ತಾರೆ.

ಮದುವೆಯಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ನನಗೆ ಸಿಕ್ಕಿಲ್ಲ. ಕಣ್ಣಿಗೆ ಕಾಣ್ತಿರೋದು ಏನು ಅಂತ ತೀರ್ಮಾನ ಮಾಡೋರು ಯಾರು? ತವರಿನ ದಾರಿ ಯಾರ ಕೈಯಲ್ಲಿದೆಯೋ ಅವರು.

ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮವ್ವ. ಅವಳ ತವರು ಕೋಟೆ ಕಡೆ ಒಂದು ಹಳ್ಳಿ. ಗೌರಿ ಹಬ್ಬಕ್ಕೆ ಹೋಗಬೇಕು. ನಮ್ಮದು ಹೊಗೆಸೊಪ್ಪಿನ ಮನೆ. ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ಬೇಯಿಸಿದ ಮೇಲೆ ವಿಂಗಡ ಮಾಡೋದು, ಇದರಲ್ಲೆಲ್ಲ ಅವ್ವನ ಕೈ ಇರ್ತಿತ್ತು. ಹರಾಜಿನ ದುಡ್ಡು ಮಾತ್ರ ಲೈಸೆನ್ಸ್ ಇರೋ ಅಪ್ಪನ ಅಕೌಂಟಿಗೆ. ಹಾಗಾಗಿ ಬಸ್ ಚಾರ್ಜು ಬರಬೇಕಿದ್ದದ್ದು ಅಪ್ಪನ ಅಂಗಿ ಜೇಬಿಂದ.

ಒಂದು ವರ್ಷ ಅಪ್ಪ ಹೇಳಿದ್ರು, “ನಿನ್ ತಮ್ಮ ನನ್ ಸಾಲ ಇನ್ನೂ ತೀರ್ಸಿಲ್ಲ, ಅವ್ನ ಮನೆಗೆ ಏನ್ ಹಬ್ಬ?” ಮಾವ ಆ ಸಾಲ ತೀರಿಸಿದ್ರು. ತಂದುಕೊಟ್ಟಿದ್ದೇ ಅವ್ವ. ನಾನು ಅಲ್ಲೇ ಕೂತು ಎಣಿಸೋದು ನೋಡಿದ್ದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು ಅಂದ್ಲು, “ಹ್ಞೂ ಕಣೇಳಿ, ತೀರ್ಸಿಲ್ಲ. ಹೋದಾಗ ನಾನೇ ಕೇಳ್ತೀನಿ.” ಅಪ್ಪ ಜೇಬಿಗೆ ಕೈ ಹಾಕಿದ್ರು.

ಅಪ್ಪ ಕೆಟ್ಟವರಲ್ಲ. ಅವ್ವನ ಮೇಲೆ ಕೈ ಎತ್ತಿದ್ದು ನಾನು ನೋಡಿಲ್ಲ. ಪೆಟ್ರೂಷಿಯೋನೂ ಎತ್ತಲ್ಲ.

ಕೊನೆಯ ಭಾಷಣ ಮತ್ತು ಒಂದು ಕಣ್ಣು ಮಿಟುಕು

ನಾಟಕದ ಕೊನೆಯಲ್ಲಿ ಕ್ಯಾಥರೀನಾ ಒಂದು ಉದ್ದನೆ ಭಾಷಣ ಮಾಡ್ತಾಳೆ. ನಾಟಕದಲ್ಲೇ ಅತಿ ಉದ್ದದ ಮಾತು ಅದು, ನಲವತ್ತಕ್ಕೂ ಹೆಚ್ಚು ಸಾಲು. ಗಂಡ ಒಡೆಯ, ಹೆಂಡತಿ ವಿಧೇಯಳಾಗಿರಬೇಕು, ಬೇಕಾದ್ರೆ ನನ್ನ ಕೈಯನ್ನ ಅವನ ಪಾದದ ಕೆಳಗೆ ಇಡ್ತೀನಿ ಅಂತಾಳೆ.

ಒಂದು ಮಾತು ಮರೀಬೇಡಿ. ಶೇಕ್ಸ್‌ಪಿಯರ್ ಕಾಲದಲ್ಲಿ ಹೆಂಗಸರು ಸ್ಟೇಜ್ ಹತ್ತಂಗಿರಲಿಲ್ಲ. ಈ ಮಾತು ಹೇಳಿದ್ದು ಹೆಣ್ಣಿನ ವೇಷ ಹಾಕಿದ ಒಬ್ಬ ಹುಡುಗ. ನಮ್ಮ ಕಂಪನಿ ನಾಟಕಗಳಲ್ಲೂ ಬಹಳ ಕಾಲ ಸ್ತ್ರೀಪಾತ್ರ ಮಾಡಿದ್ದು ಗಂಡಸರೇ. ಹೆಂಗಸು ಹೇಗಿರಬೇಕು ಅಂತ ಗಂಡಸು ಬರೆದು, ಗಂಡಸು ಸೀರೆ ಉಟ್ಟು ಹೇಳಿ, ಮುಂದಿನ ಸಾಲಲ್ಲಿ ಕೂತ ಗಂಡಸರು ಚಪ್ಪಾಳೆ ತಟ್ಟಿದ್ದು.

ಹೆಂಗಸರು ಆ ಪಾತ್ರಕ್ಕೆ ಬಂದ ಮೇಲೆ ಏನಾಯ್ತು? 1929ರ ಹಾಲಿವುಡ್ ಸಿನಿಮಾದಲ್ಲಿ ಮೇರಿ ಪಿಕ್‌ಫರ್ಡ್ ಈ ಭಾಷಣವನ್ನ ಹೇಳಿ, ಮೆಲ್ಲಗೆ ತಂಗಿಯ ಕಡೆ ನೋಡಿ ಕಣ್ಣು ಮಿಟುಕಿಸ್ತಾಳೆ. ಅಷ್ಟೇ. ಆ ಒಂದು ಮಿಟುಕಿಗೆ ಇಡೀ ಭಾಷಣದ ಅರ್ಥ ತಲೆಕೆಳಗಾಯ್ತು. ಬಾಯಿ ಹ್ಞೂ ಅಂದಿದೆ, ಮನಸ್ಸು ಅಂದಿಲ್ಲ. ಅಲ್ಲಿಂದೀಚೆಗೆ ಈ ನಾಟಕ ಮಾಡೋ ಪ್ರತಿ ತಂಡಕ್ಕೂ ಅದೇ ಪ್ರಶ್ನೆ: ಅವಳು ನಂಬಿ ಹೇಳ್ತಿದ್ದಾಳಾ, ಸೋತು ಹೇಳ್ತಿದ್ದಾಳಾ, ಆಟ ಆಡ್ತಿದ್ದಾಳಾ?

‘ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸ್ತಿದ್ರು’ ಅಂತ ನೀವು ಹೇಳಬಹುದು. ಹಾಗೇನಿಲ್ಲ. 1611ರ ಸುಮಾರಿಗೇ ಜಾನ್ ಫ್ಲೆಚರ್ ಅನ್ನೋ ನಾಟಕಕಾರ ಇದಕ್ಕೆ ಎರಡನೇ ಭಾಗ ಬರೆದ. ಅದರಲ್ಲಿ ಕ್ಯಾಥರೀನಾ ಸತ್ತು, ಪೆಟ್ರೂಷಿಯೋ ಮರಿಯಾ ಅನ್ನೋಳನ್ನ ಮದುವೆ ಆಗ್ತಾನೆ. ಮರಿಯಾ ಮೊದಲ ರಾತ್ರಿಯೇ ಬಾಗಿಲು ಹಾಕಿಕೊಂಡು, ಊರ ಹೆಂಗಸರನ್ನೆಲ್ಲ ಸೇರಿಸಿಕೊಂಡು ಷರತ್ತು ಹಾಕ್ತಾಳೆ. ಪಳಗಿಸಿದವನೇ ಪಳಗ್ತಾನೆ. 1633ರ ನವೆಂಬರಲ್ಲಿ ಎರಡೂ ನಾಟಕಗಳನ್ನ ಎರಡು ದಿನದ ಅಂತರದಲ್ಲಿ ಇಂಗ್ಲೆಂಡಿನ ರಾಜನ ಮುಂದೆ ಆಡಿದ್ರು. ಶೇಕ್ಸ್‌ಪಿಯರ್ ನಾಟಕ ಇಷ್ಟವಾಯ್ತು, ಫ್ಲೆಚರ್ ನಾಟಕ ಬಹಳ ಇಷ್ಟವಾಯ್ತು ಅಂತ ಆಗಿನ ಅಧಿಕಾರಿಯೊಬ್ಬರ ದಾಖಲೆಯಲ್ಲಿದೆ. ಆದ್ರೆ ನಮ್ಮ ಟಿವಿಗೆ ಬಂದಿದ್ದು ಮೊದಲ ಭಾಗ ಮಾತ್ರ.

ನಮ್ಮವರು ಲೆಕ್ಕ ಕೇಳಿದ್ರು

ಹಾಗಂತ ನಮ್ಮ ಸ್ಟೇಜ್ ಸುಮ್ಮನೆ ನಕ್ಕು ಮನೆಗೆ ಹೋಗಿಲ್ಲ. 1887ರಷ್ಟು ಹಿಂದೆಯೇ ಹೊನ್ನಾವರದ ಹತ್ತಿರದ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಬರೆದ್ರು, ಮನೆಯಲ್ಲಾಡೋ ಹವ್ಯಕ ಕನ್ನಡದಲ್ಲಿ. ದುಡ್ಡು ತಗೊಂಡು ಚಿಕ್ಕ ಹೆಣ್ಣುಮಕ್ಕಳನ್ನ ಮದುವೆ ಮಾಡಿಕೊಡೋ ಪದ್ಧತಿಯನ್ನ ಅದು ಗೇಲಿ ಮಾಡುತ್ತೆ. ಆಮೇಲೆ ಟಿ.ಪಿ. ಕೈಲಾಸಂ. 1884ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದು ಕನ್ನಡ ಹಾಸ್ಯ ನಾಟಕದ ದಾರಿ ಬದಲಿಸಿದ್ರು. ಇಂಗ್ಲಿಷ್ ಬೆರೆಸಿದ, ಮನೆಯಲ್ಲಿ ಆಡೋ ಕನ್ನಡವನ್ನೇ ಸ್ಟೇಜಿಗೆ ತಂದ್ರು. ಈಗ ನಾನು ಮಾತಾಡ್ತಿರೋ ರೀತಿಗೂ ಅವರೇ ಹಿರಿಯರು ಅನ್ನಿ.

ವರದಕ್ಷಿಣೆ ಬಗ್ಗೆ ಅವರು ಬರೆದ ನಾಟಕದ ಹೆಸರು ‘ತಾಳಿ ಕಟ್ಟೋಕ್ಕೂಲಿನೆ’. ಅಂದ್ರೆ, ತಾಳಿ ಕಟ್ಟಕ್ಕೆ ಕೂಲಿಯಾ ಅಂತ. ಹೆಸರಲ್ಲೇ ಇನ್‌ವಾಯ್ಸ್ ಇದೆ. ಪೆಟ್ರೂಷಿಯೋನ 40,000 ಕ್ರೌನ್ ನೋಡಿ ಕೇಳಬೇಕಾದ ಪ್ರಶ್ನೆಯೂ ಅದೇ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ, ಕೈಲಾಸಂ ಹೋಗಿ ಹದಿನೈದು ವರ್ಷ ಆದ ಮೇಲೆ.

ಮಾಲಾಶ್ರೀ ಕಥೆಯೂ ಹೇಳಬೇಕು. ‘ನಂಜುಂಡಿ ಕಲ್ಯಾಣ’ದಲ್ಲಿ ಪಳಗಿದ ಆ ಹುಡುಗಿಯನ್ನ ಜನ ಪಳಗಿದ್ದಕ್ಕೆ ಮೆಚ್ಚಲಿಲ್ಲ, ಪಳಗೋಕೆ ಮುಂಚಿನ ಆ ಜೋರಿಗೆ ಮೆಚ್ಚಿದ್ರು ಅಂತ ನನಗನಿಸುತ್ತೆ. ಎರಡೇ ವರ್ಷದಲ್ಲಿ, 1991ಕ್ಕೆ, ಅವರು ‘ಎಸ್.ಪಿ. ಭಾರ್ಗವಿ’ ಆಗಿ ಖಾಕಿ ಹಾಕಿದ್ರು. ಆ ಬಾಯಿ, ಆ ಕೋಪ ಹೋಗದೇ ಇದ್ದಿದ್ದಕ್ಕೇ ಅವರು ಸ್ಟಾರ್ ಆದ್ರು.

ಹೋಗ್ಲಾ, ಹೋಗ್ಬತ್ತೀನಿ

ಈ ಎಪಿಸೋಡಿಗೋಸ್ಕರ ಮೊನ್ನೆ ರಾತ್ರಿ ಮತ್ತೆ ಸಿನಿಮಾ ಹಾಕಿದ್ದೆ. ಅವ್ವ ಪಕ್ಕದಲ್ಲಿ ಕೂತು ಚೆನ್ನಾಗಿ ನಗ್ತಿದ್ಲು. ಮುಗಿದ ಮೇಲೆ ಕೇಳಿದೆ.

“ಅವ್ವ, ಮಾವ ಸಾಲ ತೀರ್ಸಿದ್ದು ಅವತ್ತು ನಿಂಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು. ನಾನೇ ತಂದ್ಕೊಟ್ಟಿದ್ನಲ್ಲ.”

“ಮತ್ಯಾಕೆ ತೀರ್ಸಿಲ್ಲ ಅಂದೆ?”

ಅವ್ವ ರಿಮೋಟ್ ಕೆಳಗಿಟ್ಟು ಅಂದ್ಲು, “ಹನ್ನೊಂದು ಗಂಟೆ ಬಸ್ ಹೋಗ್ಬುಟ್ರೆ ಸಂಜೆಗಂಟ ಬಸ್ ಇರ್ನಿಲ್ಲ ಕಣವ್ವ.”

ಕ್ಯಾಥರೀನಾ ಯಾಕೆ ಚಂದ್ರ ಅಂದ್ಲು ಅಂತ ಓದಿದವರು ಇವತ್ತಿಗೂ ವಾದ ಮಾಡ್ತಾರೆ. ನನಗೆ ಉತ್ತರ ನಮ್ಮನೆ ಹಾಲ್‌ನಲ್ಲೇ ಸಿಕ್ತು. ‘ಸರಿ ಹೋದಳು’ ಅಂತ ಊರು ಹೇಳೋ ಎಷ್ಟೋ ಹೆಂಗಸರು ಸರಿ ಹೋಗಿರಲ್ಲ, ಅವರಿಗೆ ಬಸ್ ಹಿಡೀಬೇಕಿರುತ್ತೆ. ಹೊರಗಿಂದ ನೋಡಿದವರಿಗೆ ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೇ ಆ ಹಾಸ್ಯ ಓಡುತ್ತೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ ಅಂತ ಆಯ್ತಲ್ಲ, ಅದರ ಬಗ್ಗೆ ಎಷ್ಟೋ ಮೀಮ್ ನೋಡಿದ್ದೀವಿ. ಆ ವರ್ಷ ಗೌರಿ ಹಬ್ಬದ ದಿನ ಅವ್ವ ಆಧಾರ್ ಕಾರ್ಡನ್ನ ಪರ್ಸಿಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತು ಅಪ್ಪನಿಗೆ “ಹೋಗ್ಬತ್ತೀನಿ” ಅಂದ್ಲು. ಅಲ್ಲಿವರೆಗೂ ಪ್ರತಿ ವರ್ಷ ಅವಳ ಬಾಯಲ್ಲಿ ಬರ್ತಿದ್ದದ್ದು “ಹೋಗ್ಲಾ?” ಅಪ್ಪ ಪೇಪರಿಂದ ತಲೆ ಎತ್ತಿ “ಹ್ಞೂ” ಅಂದ್ರು. ಆ ವರ್ಷ ಯಾರ ಸಾಲದ ಮಾತೂ ಬರಲಿಲ್ಲ.

ಅಂದಹಾಗೆ, ಗಮನಿಸಿದ್ರಾ? ಶುರುವಿಂದ ಇಲ್ಲಿವರೆಗೂ ನಾನು ಅಪ್ಪನಿಗೆ ‘ಅಂದ್ರು’, ಅವ್ವನಿಗೆ ‘ಅಂದ್ಲು’ ಅಂತಾನೇ ಹೇಳಿದ್ದೀನಿ. ಎಡಿಟ್ ಮಾಡುವಾಗ ಕೇಳಿಸಿತು. ತೆಗೆದಿಲ್ಲ, ನೀವೂ ಕೇಳಲಿ ಅಂತ ಬಿಟ್ಟಿದ್ದೀನಿ.

ಮತ್ತೆ ಆ ಸಂಬಂಧ ಏನಾಯ್ತು ಅಂತೀರಾ? ಹುಡುಗನ ನಂಬರ್ ಬಂದಿದೆ. ಸಂಬಳ, ಸೈಟು ಎಲ್ಲಾ ಅಪ್ಪ ವಿಚಾರಿಸಿಕೊಂಡಿದ್ದಾರೆ. ನನಗೆ ಕೇಳೋಕೆ ಇರೋದು ಒಂದೇ ಪ್ರಶ್ನೆ: ನೀವು ಚಂದ್ರ ಅಂದಾಗ ನಾನು ಸೂರ್ಯ ಅಂದ್ರೆ, ಗಾಡಿ ಮುಂದಕ್ಕೆ ಹೋಗುತ್ತಾ, ವಾಪಸ್ ತಿರುಗುತ್ತಾ?

ಉತ್ತರ ಬಂದ ಮೇಲೆ ಹೇಳ್ತೀನಿ. ನಿಮ್ಮನೇಲಿ ಯಾರು ‘ಹೋಗ್ಲಾ’ ಅಂತಾರೆ, ಯಾರು ‘ಹೋಗ್ಬತ್ತೀನಿ’ ಅಂತಾರೆ, ಈ ವಾರ ಸುಮ್ಮನೆ ಕಿವಿಗೊಟ್ಟು ಕೇಳಿ. ಮುಂದಿನ ವಾರ ಸಿಗೋಣ.